ಎಡಗೈ ಮುಟ್ಟದ ಗರಿಗಾಳ

ಮಾದಿ ಗಂಡನ ಮುಖಕ್ಕಿಂತ ಅವನ ಕೈಗಳನ್ನೇ ಹೆಚ್ಚು ನೋಡಿಕೊಂಡು ಬಾಳಿದವಳು. ಮುಖದಲ್ಲಿ ನೋಡುವಂಥದ್ದೇನಿತ್ತು ಎಂದು ಅವಳೇ ಕೇಳುತ್ತಿದ್ದಳು. ಸಿಡುಬಿನ ಕಲೆ, ಚಳಿಗೆ ಒಡೆದ ತುಟಿ, ಬಿಸಿಲಿಗೋ ಮಂಜಿಗೋ ಸದಾ ಅರ್ಧ ಮುಚ್ಚಿದ ಕಣ್ಣು. ಕೈಗಳ ಮಾತು ಬೇರೆ. ಎಮ್ಮೆಯ ಕೆಚ್ಚಲಿಗೆ ಕೂತಾಗ ಆ ಬೆರಳುಗಳು ಒಂದೊಂದೂ ತನ್ನಷ್ಟಕ್ಕೆ ಯೋಚಿಸಿ ಕೆಲಸ ಮಾಡುವಂತೆ ಕಾಣುತ್ತಿದ್ದವು. ಆ ಕೈಗಳಲ್ಲಿ ಬಲಗೈ ಲೋಕದ್ದು, ಎಡಗೈ ಲಿಂಗದ್ದು. ಹೊನ್ನೆಹಾಡದ ಎಲ್ಲರಿಗೂ ಹಾಗೆಯೇ. ಅವಳ ಗಂಡ ಗುರುಸಿದ್ದಪ್ಪನಿಗೆ ಮಾತ್ರ ಅದು ಹೇಳಿಕೊಳ್ಳುವ ಮಾತಾಗಿರದೆ ಬದುಕುವ ರೀತಿಯಾಗಿತ್ತು.

ಹೊನ್ನೆಹಾಡ ಕೋತಗಿರಿಯ ಕೆಳಗಿನ ಒಂದು ಹಟ್ಟಿ. ಆಗ ಇಪ್ಪತ್ತೆರಡು ಮನೆ, ಎಲ್ಲವೂ ಲಿಂಗ ಕಟ್ಟಿದವರದ್ದು. ಮಾಂಸ ಮೀನು ಮನೆಯ ಮೆಟ್ಟಿಲು ಹತ್ತುವಂತಿಲ್ಲ. ಬೆಳಗ್ಗೆ ಮಿಂದು, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ನೀರೆರೆದು, ವಿಭೂತಿ ಹಚ್ಚಿ, ಒಂದು ಹೂವೇರಿಸಿದ ಮೇಲೆಯೇ ಬಾಯಿಗೆ ರಾಗಿ. ಹೆಂಗಸರಿಗೂ ಅದೇ ಕಟ್ಟಳೆ. ಸತ್ತವರನ್ನು ಮಣ್ಣಿಗಿಡುವಾಗ ಕೂರಿಸಿ, ಅದೇ ಎಡ ಅಂಗೈಯಲ್ಲಿ ಲಿಂಗವಿಟ್ಟು ಬೆರಳು ಮಡಿಸುತ್ತಾರೆ. ಬರಿಗೈಯಲ್ಲಿ ಹೋದವನಿಗೆ ಆಚೆ ಗುರುತಿಲ್ಲ ಎಂಬುದು ನಂಬಿಕೆ. ಈ ಕಥೆಯೆಲ್ಲ ಆ ಒಂದು ಅಂಗೈಯದು.

ಹಟ್ಟಿಯ ಮೇಲೆ ಒಂದು ಕೆರೆ ಇತ್ತು. ಕೆರೆ ಎಂದರೆ ಬಯಲುಸೀಮೆಯವರು ನಕ್ಕಾರು. ನಾಲ್ಕು ಅಂಗಳ ಸೇರಿಸಿದಷ್ಟು ನೀರು, ಸುತ್ತ ಜೊಂಡು, ಒಂದು ಮಗ್ಗುಲಿಗೆ ಶೋಲೆಕಾಡಿನ ನೆರಳು. ಹಟ್ಟಿಯ ಎಮ್ಮೆಗಳು ಅಜ್ಜನ ಅಜ್ಜನ ಕಾಲದಿಂದ ಅಲ್ಲೇ ಕುಡಿದು ಅಲ್ಲೇ ಹೊರಳಿದವು. ಸಾವಿರದ ಒಂಬೈನೂರ ಹನ್ನೊಂದರಲ್ಲಿ ಆ ಇಳಿಜಾರನ್ನು ಒಬ್ಬ ಟೀ ತೋಟದ ದೊರೆ ಸರ್ಕಾರದಿಂದ ಬರೆಸಿಕೊಂಡ. ಹಟ್ಟಿಯವರು ಅವನನ್ನು ಗಡ್ಡದ ದೊರೆ ಎನ್ನುತ್ತಿದ್ದರು. ಕಾಗದದಲ್ಲಿ ಕೆರೆಯ ಸುದ್ದಿಯೇ ಇಲ್ಲ, 'ಪಾಳು ಹುಲ್ಲು' ಎಂದು ಒಂದು ಸಾಲು. ನೂರು ಎಮ್ಮೆಗಳ ನೀರು ಹೀಗೆ ಒಂದು ಲೇಖನಿಯ ತುದಿಯಲ್ಲಿ ಪಾಳಾಯಿತು. ದೊರೆ ತಂತಿಬೇಲಿ ಹಾಕಿಸಿದ, ಕಬ್ಬಿಣದ ಗೇಟು ನಿಲ್ಲಿಸಿದ, ಊಟಿಯ ಆಚೆಯಿಂದ ಎತ್ತಿನ ಗಾಡಿಯಲ್ಲಿ ಡಬ್ಬಗಟ್ಟಲೆ ಟ್ರೌಟ್ ಎಂಬ ಸೀಮೆ ಮೀನಿನ ಮರಿಗಳನ್ನು ತರಿಸಿ ಬಿಟ್ಟ. ಮೀನು ಬಿಡಲು ಅವನಿಗೆ ತೋಟದೊಳಗೇ ಇನ್ನೆರಡು ಹೊಂಡ ಇದ್ದವು. ಸಾಲಲಿಲ್ಲ.

ಎಮ್ಮೆಗಳಿಗೆ ಕಾಗದ ಓದಲು ಬಾರದು. ಅವು ಗೇಟಿಗೆ ಮೂತಿಯಿಟ್ಟು ನಿಂತವು. ಅಟ್ಟಿದರೆ ಕೆಳಗಿನ ತೊರೆಗೆ ಇಳಿಯಬೇಕು. ಅಲ್ಲಿ ಕೋಡುಗಲ್ಲಿನ ಜಾರು. ಬೇಲಿ ಬಿದ್ದ ಮೊದಲ ಬೇಸಗೆಯಲ್ಲೇ ಎರಡು ಗಬ್ಬದ ಎಮ್ಮೆಗಳು ಬಿದ್ದು ಕಾಲು ಮುರಿದು ಸತ್ತವು. ಒಂದು ಭೋಜ ಗೌಡನದು, ಇನ್ನೊಂದು ಗುರುಸಿದ್ದಪ್ಪನದು. ಭೋಜ ಗೌಡ ಹಟ್ಟಿಯ ಯಜಮಾನ, ಮಾದಿಗೆ ದೂರದಿಂದ ದೊಡ್ಡಪ್ಪನಾಗಬೇಕಾದವನು. ಅವನು ಕೂನೂರಿನವರೆಗೆ ಹೋಗಿ ಮನವಿ ಕೊಟ್ಟು ಬಂದ. ಮನವಿ ಏನಾಯಿತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಆಗ ನಡೆದದ್ದು ಒಂದು ನಗು.

ಒಂದು ಸಂಜೆ ದೊರೆ ಉದ್ದನೆಯ ಕೋಲು ಹಿಡಿದು ಕೆರೆಯಂಚಿನಲ್ಲಿ ನಿಂತಿದ್ದ. ಗುರುಸಿದ್ದಪ್ಪ ಬೇಲಿಯ ಈಚೆ ಎಮ್ಮೆ ತಿರುಗಿಸುತ್ತಿದ್ದ. ಮಾದಿ ಸೌದೆಯ ಹೊರೆ ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ದೊರೆಯ ದಾರದ ತುದಿಯಲ್ಲಿ ಎರೆಹುಳುವಿರಲಿಲ್ಲ, ಗಾಳದ ಕೊಕ್ಕೆಗೆ ಗರಿ ಕಟ್ಟಿ ಮಾಡಿದ ಹುಸಿ ನೊಣವಿತ್ತು. ಕೆಂಪು, ಹಸಿರು, ಹೊಟ್ಟೆಗೆ ಚಿನ್ನದ ಜರಿ. ಲಂಡನ್ನಿನಿಂದ ಬಂದದ್ದು. ಅದನ್ನು ಬೀಸಿ ಎಸೆದಾಗಲೆಲ್ಲ ಒಂದು ಮೀನು ಕೆಳಗಿನಿಂದ ಏರಿ ಬಂದು, ನೋಡಿ, ಹಿಂತಿರುಗಿ ಹೋಗುತ್ತಿತ್ತು. ಮೂರನೆಯ ಸಲ ಗುರುಸಿದ್ದಪ್ಪನಿಗೆ ನಗು ತಡೆಯಲಾಗಲಿಲ್ಲ.

ದೊರೆ ತಿರುಗಿ ಏನೋ ಗದರಿದ. ಕೆರೆಯ ಕಾವಲಿಗೆ ಇದ್ದವನು ಜೋಗಿ. ಪಕ್ಕದ ಹಟ್ಟಿಯವನು, ಲಿಂಗ ಕಟ್ಟದ ಮನೆಯವನು, ಬಾಯಿಗೆ ಬೀಗವಿಲ್ಲದವನು.

"ಏಕ ನಗಿದೆ ಅಂತ ಕೇಳ್ತಾನೆ ದೊರೆ."

"ನಾ ನಗಲಿಲ್ಲೆ. ಮೀನು ನಗಿತು ಅಂತ ಹೇಳು."

"ಹೇಳಿದರೆ ಎನ್ನ ಕೆಲಸ ಹೋಗ್ತದೆ ಮಾರಾಯ. ಸರಿಯಾದ್ದು ಒಂದು ಹೇಳು."

"ಸರಿಯಾದ್ದೇ. ಆ ನೊಣ ಮದುವೆಗೆ ಹೊರಟಂಗೆ ಇದೆ. ಈ ಬೆಟ್ಟದಲ್ಲಿ ಅಂಥದ್ದು ಹುಟ್ಟಿಲ್ಲೆ. ಮೀನಿಗೆ ಗೊತ್ತು. ಈ ಹೊತ್ತಿಗೆ ಅದು ತಿನ್ನೋದು ಎಮ್ಮೆಯ ಬೆನ್ನಿಂದ ಬೀಳೋ ಕರಿ ನೊಣ. ಎಮ್ಮೆ ಆಚೆ ನಿಂತ ಮೇಲೆ ಅದಕ್ಕೂ ಹಸಿವು."

ಜೋಗಿ ಅದನ್ನು ತನಗೆ ಬಂದ ಇಂಗ್ಲಿಷಿನಲ್ಲಿ ಹೇಗೆ ತಿರುಗಿಸಿದನೋ. ದೊರೆ ಗೇಟು ತೆಗೆಸಿ ಒಂದು ಬರಿ ಕೊಕ್ಕೆಯನ್ನು ಜೋಗಿಯ ಕೈಯಲ್ಲಿ ಕೊಟ್ಟು, 'ಮಾಡಿ ತೋರಿಸು' ಎಂದ. ಗುರುಸಿದ್ದಪ್ಪ ಕೊಕ್ಕೆ ಮುಟ್ಟಲಿಲ್ಲ. ಎಮ್ಮೆಯ ಕಿವಿಯಿಂದ ನಾಲ್ಕು ಕೂದಲು ಕಿತ್ತು, ಬೇಲಿಯ ತಂತಿಗೆ ಸಿಕ್ಕಿದ್ದ ಒಂದು ಬೂದು ಗರಿಯನ್ನು ಸೀಳಿ, ಜೋಗಿಗೆ ಹೀಗೆ ಕಟ್ಟು ಹಾಗೆ ಕಟ್ಟು ಎಂದು ಬಾಯಲ್ಲೇ ಹೇಳಿದ. ಜೋಗಿ ಕಟ್ಟಿದ್ದು ಹರಕು ಬೊಂತೆಯಂತಿತ್ತು. ಅದು ನೀರಿಗೆ ಬಿದ್ದು ಮಾದಿ ಮೂರು ಎಣಿಸುವುದರೊಳಗೆ ದಾರ ಬಿಗಿಯಿತು.

ಮರುದಿನ ದೊರೆಯ ಮಾತು ಬಂತು. ಗುರುಸಿದ್ದಪ್ಪ ಗರಿಗಾಳ ಕಟ್ಟಿಕೊಡುವಷ್ಟು ಕಾಲ ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ಗೇಟು ತೆರೆದಿರುತ್ತದೆ, ಹಟ್ಟಿಯ ಎಮ್ಮೆಗಳು ಒಂದು ಮಗ್ಗುಲಲ್ಲಿ ಕುಡಿಯಬಹುದು. ತನ್ನದಲ್ಲದ ನೀರನ್ನು ತನ್ನ ಧರ್ಮ ಎಂಬಂತೆ ಕೊಡುವ ಈ ಔದಾರ್ಯವನ್ನು ದೊಡ್ಡವರು ಎಲ್ಲಿ ಕಲಿಯುತ್ತಾರೋ.

ಊರ ಮಾತು ತೀರುವ ಸುತ್ತುಕಲ್ಲಿನ ಮೇಲೆ ಹಟ್ಟಿ ಕೂತಿತು. ಲಿಂಗ ಕಟ್ಟಿದವನು ಮೀನು ಹಿಡಿಯುವ ಗಾಳ ಕಟ್ಟುವುದೆ? ಅಯ್ಯನವರು, ಅಂದರೆ ಹಟ್ಟಿಗೆ ಲಿಂಗ ಕಟ್ಟುವ ಗುರುಮನೆಯವರು, ಕಣ್ಣು ಮುಚ್ಚಿ ಕೂತರು. ಭೋಜ ಗೌಡ ಎಲ್ಲರ ಮುಖವನ್ನೂ ನೋಡಿದ. ಮೇಲಿನಿಂದ ಎಮ್ಮೆಗಳ ಕೂಗು ಕೇಳುತ್ತಿತ್ತು.

"ನೀರು ಬೇಕೇ ಬೇಕು," ಎಂದ ಭೋಜ ಗೌಡ. "ಗುರುಸಿದ್ದ, ನೀ ಮೀನು ಮುಟ್ಟಬೇಡ. ಕೊಂದ ಹಕ್ಕಿಯ ಗರಿ ಮುಟ್ಟಬೇಡ, ಉದುರಿದ್ದು ಹೆಕ್ಕು. ಎಡಗೈಗೆ ಮಾತ್ರ ಕೊಕ್ಕೆ ಸೋಕಬಾರದು. ಲಿಂಗ ಕೂರೋ ಕೈ. ಇಷ್ಟು ನಡೆಸಿಕೊಡ್ತೆಯಾ?"

"ನಡೆಸ್ತೆ ಗೌಡರೆ."

"ತಪ್ಪಿದರೆ?"

"ತಪ್ಪಿದರೆ ನಿಂಗ ಹೇಳಿದ್ದು."

ಹಟ್ಟಿ ಎದ್ದಿತು. ನಿಯಮ ಮಾಡಿದವರೆಲ್ಲ ಎಮ್ಮೆ ಬಿಡಲು ಹೋದರು.

ಈಗ ಒಂದು ಮಾತು ತಿಳಿಯಬೇಕು. ಗರಿಗಾಳ ಕಟ್ಟುವ ಯಾವನಾದರೂ ಕೊಕ್ಕೆಯನ್ನು ಎಡಗೈಯ ಎರಡು ಬೆರಳಲ್ಲಿ ಹಿಡಿದು, ಬಲಗೈಯಿಂದ ರೇಷ್ಮೆ ನೂಲು ಸುತ್ತುತ್ತಾನೆ. ಕೊಕ್ಕೆ ಎಂದರೆ ಒಂದೊಂದು ಅಕ್ಕಿಕಾಳಿಗಿಂತ ಚೂರು ದೊಡ್ಡದು. ಗುರುಸಿದ್ದಪ್ಪ ಅದನ್ನು ಬಲಗೈಯಲ್ಲಿ ಹಿಡಿದು ಎಡಗೈಯಿಂದ ಸುತ್ತುವುದನ್ನು ಕಲಿಯಬೇಕಾಯಿತು. ನೂಲಿಗೆ ದೋಷವಿಲ್ಲ, ಅದು ಬರಿ ರೇಷ್ಮೆ. ಒಂದು ಮಳೆಗಾಲವಿಡೀ ಜಗಲಿಯಲ್ಲಿ ಕೂತು ಮೊದಲು ರಾಗಿಯ ಹುಲ್ಲಿಗೆ, ಆಮೇಲೆ ಮುಳ್ಳಿಗೆ ಸುತ್ತಿ ಸುತ್ತಿ ಬಿಚ್ಚಿದ. ಹಾಲು ಕರೆದು ಬಂದ ಬೆರಳುಗಳೇ ಮಗುವಿನ ಬೆರಳಿನಂತೆ ತಡವರಿಸಿದವು. ಮಾದಿ ರಾಗಿ ಬೀಸುತ್ತ ನೋಡಿ ನಗುತ್ತಿದ್ದಳು.

"ಬಲಗೈಯಲ್ಲಿ ಲಿಂಗ ಹಿಡಿದು ಎಡಗೈಯಲ್ಲಿ ಊಟ ಮಾಡೋಕೂ ಕಲೀತೀರೇನು?"

"ನಗು. ನಿನ್ನ ಎಮ್ಮೆ ಕುಡೀತಾ ಇದೆ ಅಲ್ಲ, ನಗು."

ಕಲಿತ. ಕೈ ಬದಲಾದ್ದರಿಂದ ಅವನ ನೂಲು ಲೋಕದವರ ನೂಲಿಗೆ ಎದುರು ಸುತ್ತಾಗಿ ಬೀಳುತ್ತಿತ್ತು. ಗರಿಯ ಎಳೆಗಳು ಎಡಕ್ಕೆ ಒರಗುತ್ತಿದ್ದವು. ನೂರು ಗಾಳಗಳ ನಡುವೆ ಇಟ್ಟರೂ ಇದು ಗುರುಸಿದ್ದನದು ಎಂದು ಜೋಗಿ ಹೆಕ್ಕಿ ತೆಗೆಯುತ್ತಿದ್ದ. ಆ ಎಡ ಒರಗು ಅವನ ಶೀಲದ ಗುರುತು. ದೊರೆಗೆ ಅದು ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಗರಿ ತರುತ್ತಿದ್ದವಳು ಮಾದಿ. ಕಾಡುಕೋಳಿಯ ಹುಂಜ ಮಳೆಗಾಲದಲ್ಲಿ ಕುತ್ತಿಗೆಯ ಗರಿ ಉದುರಿಸುತ್ತದೆ. ಬೂದು ಗರಿ, ತುದಿಯಲ್ಲಿ ಜೇನುಮೇಣದ ತೊಟ್ಟಿನಂಥ ಹಳದಿ ಚುಕ್ಕೆ. ಸೌದೆಗೆ ಹೋದಾಗ ಲಂಟಾನದ ಬುಡದಲ್ಲಿ ಅವನ್ನು ಹೆಕ್ಕಿ ಸೆರಗಿನಲ್ಲಿ ಕಟ್ಟಿ ತರುವಳು. ಯಾವ ನೀರಿಗೆ ಯಾವುದು ಎಂಬ ಮಾತು ಗಂಡಹೆಂಡಿರ ನಡುವೆ ಅಡಿಗೆಯ ಮಾತಿನಷ್ಟೇ ಬಳಕೆಯದಾಯಿತು. ತೋಟದ ನಡುವಿನ ಹೊಂಡ ಕೆಂಪು ಮಣ್ಣು ಕಲಸಿದ ನೀರು, ಅಲ್ಲಿ ಮೀನಿಗೆ ಬಣ್ಣ ಕಾಣದು, ನೆರಳು ಮಾತ್ರ ಕಾಣುತ್ತದೆ. ಎಮ್ಮೆ ಕೂದಲಿನ ದಪ್ಪ ಕರಿ ಗಾಳವೇ ಸರಿ. ಬಂಗಲೆಯ ಹಿಂದಿನ ಹೊಂಡ ಒರತೆಯ ತಿಳಿನೀರು, ಅಲ್ಲಿ ಮೀನು ಅನುಮಾನದ ಪ್ರಾಣಿ. ಸೊಳ್ಳೆಯಷ್ಟು ಸಣ್ಣದು, ಬೂದಿ ಬಣ್ಣದ್ದು, ನೂಲು ಎರಡೇ ಸುತ್ತು. ಹಟ್ಟಿಯ ಕೆರೆಗೆ ಹೊತ್ತಿಗೊಂದು. ಎಮ್ಮೆ ಇಳಿದ ಮೇಲೆ ಕರಿ ನೊಣ, ನಡು ಹಗಲು ಜೊಂಡಿನ ಹಸಿರು ಹುಳ, ಮೊದಲ ಮಳೆ ಬಿದ್ದು ಹುತ್ತದಿಂದ ಮಳೆಹುಳು ಎದ್ದ ದಿನ ಹಳದಿ ಚುಕ್ಕೆಯ ಗರಿಯನ್ನು ಉದ್ದಕ್ಕೆ ಮಲಗಿಸಿ ಕಟ್ಟಿದ್ದು.

"ಇವತ್ತು ದೊರೆಗೆ ಯಾವ ಗಾಳ ಕೊಡಲಿ?" ಎಂದು ಜೋಗಿ ಬೇಲಿಯಿಂದ ಕೂಗುವನು.

"ಗಾಳಿ ಎತ್ತಲಿಂದ?"

"ಕೂನೂರ ಕಡೆಯಿಂದ."

"ಹಾಗಾದರೆ ಹಸಿರು ಬೇಡ, ಹುಳ ಆಚೆ ದಡಕ್ಕೆ ಹೋಗಿರ್ತದೆ. ಬೂದು ಕೊಡು."

ಮೀನಿನ ಬಾಯಿಯ ರುಚಿಯನ್ನು ಅಷ್ಟು ತಿಳಿದವನು ಜೀವಮಾನದಲ್ಲಿ ಒಂದು ಮೀನನ್ನೂ ಬೆರಳಿನಿಂದ ಮುಟ್ಟಲಿಲ್ಲ. ದಾರ ಬಿಗಿದಾಗ ಅವನು ಬೇರೆ ಕಡೆ ನೋಡುತ್ತಿದ್ದ. ಒಮ್ಮೆ ಮಾದಿ ಕೇಳಿದಳು, ಮನಸ್ಸಿಗೆ ಹೇಗಾಗ್ತದೆ ಎಂದು. "ಆ ಕೊಕ್ಕೆ ಎನ್ನ ಬಾಯಿಗೇ ಸಿಕ್ಕಿದಂಗೆ ಆಗ್ತದೆ," ಎಂದ. "ಆಮೇಲೆ ಎಮ್ಮೆ ಕುಡಿಯೋ ಸದ್ದು ಕೇಳ್ತೆ. ಸರಿಯಾಗ್ತದೆ." ಪೂರ್ತಿ ಸರಿಯಾಗುತ್ತಿರಲಿಲ್ಲ ಎಂದು ಅವಳಿಗೆ ಗೊತ್ತಿತ್ತು. ಪೂಜೆಗೆ ಕೂತಾಗ ಮೊದಲಿಗಿಂತ ಹೆಚ್ಚು ಹೊತ್ತು ಎಡ ಅಂಗೈಯನ್ನು ತೊಳೆಯುತ್ತಿದ್ದ.

ಹೀಗೆ ಎಂಟು ವರ್ಷ. ಎಂಟು ವರ್ಷ ಹಟ್ಟಿಯ ಎಮ್ಮೆ ಒಂದೂ ಜಾರಲಿಲ್ಲ.

ಹತ್ತೊಂಬತ್ತರ ಬೇಸಗೆ ಕೆಟ್ಟದಾಗಿ ಬಂತು. ತೊರೆ ಕಲ್ಲುಕಲ್ಲಾಯಿತು. ಆ ವರ್ಷವೇ ದೊರೆಯ ಬಂಗಲೆಗೆ ಸೀಮೆಯಿಂದ ಒಬ್ಬ ಅತಿಥಿ ಬಂದ, ತೋಟ ಕೊಳ್ಳುವ ಯೋಚನೆಯಲ್ಲಿದ್ದವನಂತೆ. ದೊರೆಗೆ ಅವನನ್ನು ಮೆಚ್ಚಿಸಬೇಕು. ಒರತೆಯ ಹೊಂಡಕ್ಕೆ ಸೊಳ್ಳೆಯಂಥ ಸಣ್ಣ ಗಾಳ ಎರಡು ಡಜನ್ ಬೇಕು, ನಾಲ್ಕು ದಿನದಲ್ಲಿ ಎಂದು ಜೋಗಿಯ ಕೈಲಿ ಹೇಳಿ ಕಳಿಸಿದ. ಆಗದಿದ್ದರೆ ಗೇಟು ಮುಚ್ಚಿದ್ದೇ ಎಂದೂ ಹೇಳಿದ್ದ.

ಗುರುಸಿದ್ದಪ್ಪನ ಬಲಗೈಯ ಹೆಬ್ಬೆರಳಿಗೆ ಆ ವಾರವೇ ಉಗುರುಸುತ್ತು. ಬೆರಳು ಬದನೆಕಾಯಿಯಂತೆ ಊದಿತ್ತು. ಕೊಕ್ಕೆಯನ್ನು ಒತ್ತಿ ಹಿಡಿದರೆ ಕಣ್ಣು ಕತ್ತಲೆ ಬರುತ್ತಿತ್ತು, ಕೊಕ್ಕೆ ಜಾರುತ್ತಿತ್ತು.

"ಇನ್ನೊಂದು ವಾರ ಕೇಳು," ಎಂದ ಜೋಗಿಗೆ.

"ಕೇಳಿದೆ. ಉಗುರುಸುತ್ತಿಗೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ಎನಗೆ ಗೊತ್ತಿಲ್ಲೆ. ಬೆರಳು ತೋರಿಸಿದೆ. ಎನ್ನ ಬೆರಳಿಗೆ ಏನಾಗಿದೆ ಅಂತ ಅವನೇ ನೋಡಿದ, ಏನೂ ಆಗಿಲ್ಲೆ, ಹೋಗು ಅಂದ."

ಬಿದಿರಿನ ಚಿಮ್ಮಟ ಮಾಡಿ ನೋಡಿದರು. ಅಷ್ಟು ಸಣ್ಣ ಕೊಕ್ಕೆ ಅದರಲ್ಲಿ ನಿಲ್ಲಲಿಲ್ಲ. ಮಾದಿ ತನ್ನ ಬಲಗೈಯಲ್ಲಿ ಹಿಡಿದಳು, ಅವನು ಸುತ್ತಿದ. ಇಬ್ಬರ ಉಸಿರು ಎರಡು ದಾರಿ, ಗರಿ ಮುದುಡಿತು. ಎರಡು ದಿನಕ್ಕೆ ನಾಲ್ಕು ಗಾಳ, ಅದರಲ್ಲಿ ಎರಡು ಎಸೆಯುವಂಥವು. ಮೂರನೆಯ ಬೆಳಗ್ಗೆ ಮೇಲಿನಿಂದ ಗೇಟಿನ ಸರಪಳಿಯ ಸದ್ದು ಕೇಳಿತು. ಹೊಸ ಬೀಗ ತಂದು ಸರಪಳಿಗೆ ತೂಗುಬಿಟ್ಟಿದ್ದಾರೆ, ಇನ್ನೂ ಜಡಿದಿಲ್ಲ ಎಂದು ಯಾರೋ ಹೇಳಿ ಹೋದರು. ಭೋಜ ಗೌಡ ಜಗಲಿಗೆ ಬಂದು ನಿಂತು, "ಆಗ್ತದೆ ಅಲ್ಲ ಗುರುಸಿದ್ದ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದ. ಹೆಬ್ಬೆರಳಿನ ಕಡೆ ಅವನೂ ನೋಡಲಿಲ್ಲ.

ಗುರುಸಿದ್ದಪ್ಪ ಕೊಕ್ಕೆಗಳನ್ನು ಬಾಳೆಲೆಯ ಚೂರಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದ. ಆಗ ಮಾತಾಡಿದವಳು ಮಾದಿ.

"ಎಡಗೈಯಲ್ಲಿ ಹಿಡೀರಿ."

ಅವನು ತಲೆಯೆತ್ತಿದ.

"ಹಿಡೀರಿ ಅಂದೆ. ಇದೊಂದು ಸಲ. ತೊಳೆದುಕೊಂಡರಾಯಿತು. ನೂರು ಎಮ್ಮೆಗೆ ನೀರು ಕೊಟ್ಟ ಕೈಯನ್ನು ಶಿವ ಬೇಡ ಅಂತಾನೆಯೆ? ಬಾಗಿಲಲ್ಲಿ ನಾ ಕೂತಿರ್ತೆ. ಯಾರೂ ಬರಲ್ಲ."

"ನಡೆಸ್ತೆ ಅಂತ ಮಾತು ಕೊಟ್ಟಿದ್ದೆ."

"ಅದು ಎನ್ನ ಮೇಲಿರಲಿ."

ಅವನು ಎದ್ದು ಕೊರಳಿನ ಕರಡಿಗೆಯನ್ನು ತೆಗೆದು ದೇವರ ಗೂಡಿನಲ್ಲಿಟ್ಟ. ಬಂದು ಕೂತು, ಎಡಗೈಯ ಎರಡು ಬೆರಳಲ್ಲಿ ಕೊಕ್ಕೆ ಎತ್ತಿದ. ನೂಲು ಸುತ್ತಲು ಹೆಬ್ಬೆರಳಿನ ಒತ್ತು ಬೇಕಿಲ್ಲ, ಬಲಗೈಯ ಉಳಿದ ಬೆರಳುಗಳೇ ಸಾಕಾದವು. ಅಷ್ಟು ಸುಲಭವೆಂದು ಅವನಿಗೆ ಗೊತ್ತಿರಲಿಲ್ಲ. ಎಂಟು ವರ್ಷ ಪಟ್ಟ ಕಷ್ಟ ಯಾವುದೂ ಬೇಕಾಗಿರಲಿಲ್ಲ ಎಂಬಂತೆ ನೂಲು ಹರಿಯಿತು. ಹೊತ್ತಿಳಿಯುವುದರೊಳಗೆ ಇಪ್ಪತ್ತೆರಡು ಗಾಳ ಸಾಲಾಗಿ ಕೂತವು, ಒಂದಕ್ಕಿಂತ ಒಂದು ಚೆಂದ. ಅವನು ಅಳುತ್ತಿದ್ದುದನ್ನು ಬಾಗಿಲಲ್ಲಿದ್ದ ಮಾದಿ ನೋಡಿದಳು, ಕಾಣದವಳಂತೆ ಅಕ್ಕಿ ಆರಿಸಿದಳು.

ಗೇಟು ತೆರೆದೇ ಉಳಿಯಿತು. ಅತಿಥಿ ಮೀನು ಹಿಡಿದ, ನಗುತ್ತ ಹೋದ. ತೋಟ ಕೊಳ್ಳಲಿಲ್ಲ.

ಹಟ್ಟಿಗೆ ಗುಟ್ಟು ಬಿಟ್ಟುಕೊಟ್ಟವನು ಜೋಗಿ, ಕೇಡು ಬಯಸಿ ಅಲ್ಲ. ಸುತ್ತುಕಲ್ಲಿನ ಬಳಿ ಗಂಡಸರು ಬಿಸಿಲಿಗೆ ಕೂತಿದ್ದಾಗ, ದೊರೆ ತನಗೆ ಕೊಟ್ಟ ಒಂದು ಗಾಳವನ್ನು ಟೊಪ್ಪಿಗೆಯಿಂದ ತೆಗೆದು ತೋರಿಸಿದ. "ನೋಡಿ ಗೌಡರೆ, ನಿಮ್ಮ ಗುರುಸಿದ್ದ ಈಗ ಲಂಡನ್ನಿನವನ ಹಂಗೆ ಕಟ್ಟೋಕೆ ಕಲ್ತಿದ್ದಾನೆ. ಗರಿ ಬಲಕ್ಕೆ ಒರಗಿದೆ. ಇಷ್ಟು ದಿನ ಎಡಕ್ಕೆ ಒರಗ್ತಿತ್ತು." ಹೇಳಿ ಮುಗಿಸುವುದರೊಳಗೆ ಅವನಿಗೇ ಏನೋ ಹೊಳೆದು ಬಾಯಿ ಮುಚ್ಚಿದ. ತಡವಾಗಿತ್ತು. ಗಾಳ ಕೈಯಿಂದ ಕೈಗೆ ಹೋಯಿತು. ಎಂಟು ವರ್ಷ ಅವನ ಶೀಲಕ್ಕೆ ಸಾಕ್ಷಿಯಾಗಿದ್ದ ಒರಗು ಆ ದಿನ ಅವನ ಮೇಲೆಯೇ ಸಾಕ್ಷಿ ಹೇಳಿತು.

ಹಟ್ಟಿ ಮತ್ತೆ ಕೂತಿತು. ಅಯ್ಯನವರು ಈ ಸಲ ಕಣ್ಣು ತೆರೆದೇ ಕೂತರು.

"ಎಡಗೈಯಲ್ಲಿ ಹಿಡಿದೆಯಾ?"

"ಹಿಡಿದೆ."

"ಏಕ?"

ಗುರುಸಿದ್ದಪ್ಪ ಬಲಗೈಯ ಹೆಬ್ಬೆರಳನ್ನು ಎತ್ತಲಿಲ್ಲ. ಅದಾಗಲೇ ಮಾಗಿ ಸಿಪ್ಪೆ ಬಿಡುತ್ತಿತ್ತು. "ನೀರಿಗೆ," ಎಂದ ಅಷ್ಟೆ.

ಹೆಂಗಸರು ನಿಂತ ಕಡೆ ಮಾದಿ ಬಾಯಿ ತೆರೆದಳು. ಅವನು ಅವಳ ಕಡೆ ತಿರುಗಿ ನೋಡಿದ. ಎಮ್ಮೆ ಹೆದರಿದಾಗ ಅದರ ಕಡೆ ನೋಡುವ ನೋಟ ಅದು, ಸುಮ್ಮನಿರು ಎಂಬ ನೋಟ. 'ಹಿಡೀರಿ ಅಂದವಳು ನಾ' ಎಂಬ ಮೂರು ಮಾತನ್ನು ಅವಳು ನುಂಗಿಕೊಂಡಳು. ಹೇಳಿದ್ದರೆ ಅವಳ ಲಿಂಗವೂ ಹೋಗುತ್ತಿತ್ತು, ಅವನದು ಉಳಿಯುತ್ತಿರಲಿಲ್ಲ. ಲೆಕ್ಕ ಸರಿ. ಆದರೂ ಅವಳು ಆ ಮೂರು ಮಾತನ್ನು ಮುಂದೆ ಬದುಕಿದಷ್ಟು ದಿನವೂ ನುಂಗುತ್ತಲೇ ಇದ್ದಳು.

ಅಯ್ಯನವರು ಅವನ ಕೊರಳಿಂದ ಕರಡಿಗೆಯನ್ನು ತೆಗೆದರು. "ತಪ್ಪಾಯಿತು ಅಂತ ಎಲ್ಲರ ಮುಂದೆ ಹೇಳು. ಪಾದೋದಕ ತಗೊ. ಒಂದು ವರ್ಷ ಕಳೆದು ಮತ್ತೆ ಕಟ್ಟೋಣ."

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳುತ್ತಾನೆ ಎಂದೇ ಎಲ್ಲರೂ ತಿಳಿದಿದ್ದರು. ಗುರುಸಿದ್ದಪ್ಪ ಎದ್ದು ನಿಂತ.

"ಹೇಳ್ತೆ. ಎನ್ನ ಕೈ ಕೆಟ್ಟಿತು, ಸರಿ. ಆ ಕೈಯಿಂದ ಬಂದ ನೀರೂ ಕೆಟ್ಟಿತು. ನಾಳೆಯಿಂದ ಹಟ್ಟಿಯ ಎಮ್ಮೆ ಆ ಕೆರೆಗೆ ಹೋಗಬಾರದು. ಅಲ್ಲಿ ಕುಡಿದ ಎಮ್ಮೆಯ ಹಾಲು ಯಾರ ಮನೆಯ ಹಾಲುಮನೆಗೂ ಬರಬಾರದು. ಅಷ್ಟು ನೀವು ಹೇಳಿ ಗೌಡರೆ. ನಾ ನಿಮ್ಮ ಕಾಲಿಗೆ ಬೀಳ್ತೆ."

ಭೋಜ ಗೌಡ ನೆಲ ನೋಡಿದ. ಯಾರೋ ಕೆಮ್ಮಿದರು. ಅಯ್ಯನವರು ಕರಡಿಗೆಯನ್ನು ಮಡಿಲಲ್ಲಿ ಕಟ್ಟಿಕೊಂಡರು. ಆ ಸಂಜೆಯೂ ಎಮ್ಮೆಗಳು ಸಾಲಾಗಿ ಗೇಟು ದಾಟಿ ಕೆರೆಗಿಳಿದವು, ಎಲ್ಲರದೂ. ಮೊದಲು ಇಳಿದದ್ದು ಭೋಜ ಗೌಡನದು. ಧರ್ಮ ಕೆಟ್ಟದ್ದು ಒಬ್ಬನ ಎರಡು ಬೆರಳಿಗೆ, ನೀರು ಮಾತ್ರ ಎಲ್ಲರ ಬಾಯಿಗೂ ಸಿಹಿ. ಇದನ್ನು ನ್ಯಾಯ ಎಂದು ಕರೆದ ಜಾಗಕ್ಕೆ ಸುತ್ತುಕಲ್ಲು ಎಂದು ಹೆಸರು, ಅಲ್ಲಿ ಈಗಲೂ ಜನ ಕೂರುತ್ತಾರೆ.

ಆಮೇಲೆ ಒಂಬತ್ತು ವರ್ಷ ಗುರುಸಿದ್ದಪ್ಪ ತನ್ನ ಮನೆಯ ಜಗಲಿಯಲ್ಲಿ ಬದುಕಿದ. ಲಿಂಗವಿಲ್ಲದವನು ಒಳಗೆ ಉಣ್ಣುವಂತಿಲ್ಲ. ಮಾದಿ ಒಳಗೆ ಪೂಜೆ ಮುಗಿಸಿ ಅವನಿಗೆ ಹೊರಗೆ ಬಡಿಸುವಳು. ಅವಳು ಅಂಗೈಯಲ್ಲಿ ಲಿಂಗವಿಟ್ಟು ಕೂತ ಹೊತ್ತಿಗೆ ಅವನೂ ಗೋಡೆಯ ಆಚೆ ಮಿಂದು ಕೂತು ಎಡಗೈ ಚಾಚುತ್ತಿದ್ದ. ಬಾಗಿಲ ಸಂದಿನಲ್ಲಿ ಅವಳಿಗೆ ಕಾಣುತ್ತಿತ್ತು. ಬರಿ ಅಂಗೈಯ ಮೇಲೆ ನೀರೆರೆಯುವನು, ನೀರು ಬೆರಳ ಸಂದಿನಿಂದ ಇಳಿದು ಹೋಗುವುದು. ಒಂದು ದಿನ ಅವಳು ಕೇಳಿಯೇಬಿಟ್ಟಳು.

"ಹೇಳಿಬಿಡಲೇ ನಾ? ಅಂದವಳು ನಾ ಅಂತ."

"ಹೇಳಿದರೆ ಇಬ್ಬರೂ ಜಗಲಿಯಲ್ಲಿ. ಒಳಗೆ ದೀಪ ಹಚ್ಚೋರು ಯಾರು?"

"ನಿಮಗೆ ಎನ್ನ ಮೇಲೆ ಸಿಟ್ಟಿಲ್ಲವೇ?"

"ಇದೆ. ಸಾರಿಗೆ ಉಪ್ಪು ಕಡಿಮೆ," ಎಂದ.

ಗಾಳ ಕಟ್ಟುವುದನ್ನು ಅವನು ಬಿಡಲಿಲ್ಲ, ಗೇಟಿನ ಮಾತು ಇತ್ತಲ್ಲ. ಬೆರಳು ವಾಸಿಯಾದ ಮೇಲೆ ಮತ್ತೆ ಬಲಗೈಯಲ್ಲಿ ಹಿಡಿದು ಎಡಗೈಯಿಂದಲೇ ಸುತ್ತಿದ. ಈಗ್ಯಾತಕ್ಕೆ ಎಂದು ಜೋಗಿ ಕೇಳಿದ. ಅವನು ಆ ದಿನದಿಂದ ತಲೆ ತಗ್ಗಿಸಿಯೇ ಬರುತ್ತಿದ್ದ. "ಕೈ ಕಲ್ತದ್ದು," ಎಂದ ಗುರುಸಿದ್ದಪ್ಪ. ಜೋಗಿ ಬೇಲಿಗೆ ಒರಗಿ ಅತ್ತ.

ಇಪ್ಪತ್ತಮೂರರಲ್ಲಿ ಗಡ್ಡದ ದೊರೆ ತೋಟ ಮಾರಿ ಹಡಗು ಹತ್ತಿದ. ಹೋಗುವಾಗ ಆ ಎಡ ಒರಗಿನ ಗಾಳಗಳ ಪೆಟ್ಟಿಗೆಯನ್ನು ಮರೆಯದೆ ಒಯ್ದ. ಅದನ್ನು ಕಟ್ಟಿದವನ ಹೆಸರು ಅವನಿಗೆ ಕಡೆಯವರೆಗೂ ಬರಲಿಲ್ಲ, 'ಬಫೆಲೋ ಮ್ಯಾನ್' ಎನ್ನುತ್ತಿದ್ದನಂತೆ. ಹೊಸಬರಿಗೆ ಮೀನಿನ ಹುಚ್ಚಿರಲಿಲ್ಲ. ಗೇಟು ತುಕ್ಕು ಹಿಡಿದು ತಾನೇ ಒರಗಿತು. ಎಮ್ಮೆಗಳು ಯಾರನ್ನೂ ಕೇಳದೆ ಒಳಹೊಕ್ಕವು. ಯಾವುದಕ್ಕಾಗಿ ಇಷ್ಟೆಲ್ಲ ಆಯಿತೋ ಅದು ಹೀಗೆ ಪುಕ್ಕಟೆಯಾಗಿ ಬಂದು ಬಿದ್ದಿತು. ಇನ್ನಾದರೂ ಅವನನ್ನು ಒಳಗೆ ಕರೆಯೋಣ ಎಂದು ಸುತ್ತುಕಲ್ಲಿನ ಮೇಲೆ ಒಬ್ಬನೂ ಬಾಯಿ ಬಿಡಲಿಲ್ಲ. ಕರೆದರೆ ಅವನ ಆ ಹಳೆಯ ಮಾತಿಗೆ ಉತ್ತರ ಕೊಡಬೇಕಾಗುತ್ತಿತ್ತು.

ಇಪ್ಪತ್ತೆಂಟರ ಆಡಿ ತಿಂಗಳ ಮಳೆಯಲ್ಲಿ ಅವನಿಗೆ ಎದೆಗೆ ಶೀತ ಹತ್ತಿತು. ಐದು ದಿನ. ಒಳಗೆ ಬನ್ನಿ, ಒಲೆಯ ಹತ್ತಿರ ಮಲಗಿ ಎಂದು ಮಾದಿ ಕೈ ಹಿಡಿದು ಎಳೆದಳು. "ಕೈ ತೊಳೆದಿಲ್ಲ ಕಣೆ ಇನ್ನೂ," ಎಂದ. ಜ್ವರದ ಮಾತೋ ನಿಜದ ಮಾತೋ. ಆರನೆಯ ಬೆಳಗ್ಗೆ, ಎಮ್ಮೆಗಳು ಕೆರೆಗೆ ಹೋಗುವ ಹೊತ್ತಿಗೆ, ಜಗಲಿಯಲ್ಲೇ ತೀರಿಕೊಂಡ.

ಅಯ್ಯನವರು ಬರಲಿಲ್ಲ. ಲಿಂಗವಿಲ್ಲದ ಹೆಣಕ್ಕೆ ಅವರ ಕೆಲಸವಿಲ್ಲ. ಹಟ್ಟಿಯವರ ಮಣ್ಣಲ್ಲಿ ಜಾಗವಿಲ್ಲ, ತೊರೆಯ ಆಚೆ ಗುಂಡಿ ತೋಡಿದ್ದರು. ಎತ್ತಲು ಜೋಗಿ ಬಂದ, ಹಟ್ಟಿಯ ಇಬ್ಬರು ಬಂದರು, ಕೋಲೂರಿಕೊಂಡು ಭೋಜ ಗೌಡನೂ ಬಂದ. ಅವನಿಗೆ ಆಗ ಎಪ್ಪತ್ತು ದಾಟಿತ್ತು.

"ಒಂದು ಗಳಿಗೆ ಹೊರಗಿರಿ," ಎಂದಳು ಮಾದಿ. "ಕೈಕಾಲು ಒರೆಸಬೇಕು."

ಅವರು ಅಂಗಳಕ್ಕಿಳಿದರು. ಅವಳು ಅವನ ಎಡ ಅಂಗೈಯನ್ನು ತೊಳೆದಳು. ಮೂರು ಸಲ ತೊಳೆದಳು. ಆಮೇಲೆ ತನ್ನ ಕೊರಳಿನ ಕರಡಿಗೆಯನ್ನು ತೆರೆದಳು. ಹುಟ್ಟಿದ ಹತ್ತನೆಯ ದಿನ ಕಟ್ಟಿದ ಲಿಂಗ, ಅವಳ ಮೈಯಿಂದ ಒಂದು ದಿನವೂ ಅಗಲದ್ದು. ಕೊಟ್ಟರೆ ತಾನೇನಾಗುತ್ತಾಳೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ತಾನು ಬರಿಗೈಯಲ್ಲಿ ಹೋಗುವವಳು, ಆಚೆ ಗುರುತಿಲ್ಲದವಳು. ಅದನ್ನು ಅವನ ಅಂಗೈಯಲ್ಲಿಟ್ಟು ಸೆಟೆದ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು. ಮಡಿಸಿದ್ದು ತೆರೆಯದಿರಲೆಂದು ಗೂಡಿನಿಂದ ಗಾಳದ ಹಳದಿ ರೇಷ್ಮೆ ನೂಲು ತಂದು ಮುಷ್ಟಿಗೆ ಸುತ್ತಿದಳು. ಸುತ್ತುವಾಗ ಅವಳ ಎಡಗೈಯೇ ಮುಂದಾಯಿತು. ನೋಡಿ ನೋಡಿ ಕಲಿತದ್ದು, ಅವನ ಸುತ್ತೇ ಬಿತ್ತು.

ಖಾಲಿ ಕರಡಿಗೆಯನ್ನು ಮುಚ್ಚಿ ಕೊರಳಿಗೆ ಹಾಕಿಕೊಂಡು, "ಬನ್ನಿ," ಎಂದಳು.

ಭೋಜ ಗೌಡ ಬಗ್ಗಿ ನೋಡಿದ. "ಕೈಯಲ್ಲಿ ಏನು ಮಾದಿ?"

"ಅವರದ್ದು. ಒಂಬತ್ತು ವರ್ಷದಿಂದ ಕೊಡಬೇಕಾಗಿತ್ತು, ಈಗ ಕೊಟ್ಟೆ."

ಮುದುಕ ಆ ಮುಷ್ಟಿಯನ್ನು ನೋಡಿದ, ನೂಲಿನ ಎದುರು ಸುತ್ತನ್ನು ನೋಡಿದ, ಅವಳ ಕೊರಳಿನ ಕರಡಿಗೆಯನ್ನು ನೋಡಿದ. ಕೂಗಿ ಹೇಳಬಹುದಿತ್ತು, ಬಿಚ್ಚಿಸಬಹುದಿತ್ತು.

"ಏನಿಲ್ಲೆ," ಎಂದ ಉಳಿದವರಿಗೆ. "ನೂಲು. ಎತ್ತಿ. ಕೂರಿಸಿಯೇ ಇಡಿ."

ಒಂಬತ್ತು ವರ್ಷ ತಡವಾಗಿ ಅವನ ಬಾಯಿಂದ ಬಂದ ನ್ಯಾಯ ಅಷ್ಟೆ. ಗುಟ್ಟಾಗಿ ಬಂತು, ಜಗಲಿಯ ಮುಂದೆ, ಕೇಳಿದವನು ಸತ್ತ ಮೇಲೆ.

ಮಾದಿ ಇನ್ನೂ ಏಳು ವರ್ಷ ಇದ್ದಳು. ದಿನವೂ ಮಿಂದು, ಒಳಗೆ ದೀಪ ಹಚ್ಚಿ ಕೂರುವಳು. ಕರಡಿಗೆ ತೆರೆಯುವಳು,  ಎಡ ಅಂಗೈ ಚಾಚಿ ನೀರೆರೆಯುವಳು. ನೀರು ಬೆರಳ ಸಂದಿನಿಂದ ಇಳಿದು ಹೋಗುವುದು. ಅದು ಪೂರ್ತಿ ಇಳಿಯುವವರೆಗೆ ಕಾದು, ಎದ್ದು ಬಂದು, ಜಗಲಿಯಲ್ಲಿ ಅವನು ಕೂರುತ್ತಿದ್ದ ಕಡೆ ಕೂತು ರಾಗಿ ಉಣ್ಣುವಳು.